ಗೌರಿಯ ಸುಳಿ ಎಡಕ್ಕೆ ಹೋದ ಕಥೆ

ಹೋದ ವಾರ ನನ್ನದೊಂದು ರೀಲ್ ವೈರಲ್ ಆಯಿತು. ದಯವಿಟ್ಟು ಯಾರೂ ಅಭಿನಂದಿಸಬೇಡಿ.

ನನಗೆ ಗೊತ್ತಾಗಿದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ. ಬೆಂಗಳೂರಿಗೆ ಹೋಗುವ ಬೆಳಗಿನ ಟ್ರೈನಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಗಂಡಸರು ಒಂದೇ ಫೋನಿನ ಮೇಲೆ ಬಗ್ಗಿ ಏನೋ ನೋಡುತ್ತಿದ್ದರು. ಒಬ್ಬ ಲೊಚಗುಟ್ಟಿದ. ಇನ್ನೊಬ್ಬ, "ಎಂಥಾ ಮೋಸ ನೋಡ್ಲಾ" ಅಂದ. ಮೋಸ ಅಂದ ಮೇಲೆ ಇಣುಕದೆ ಇರೋಕಾಗುತ್ತಾ? ಇಣುಕಿದೆ. ಫೋನಿನಲ್ಲಿ ಓಡುತ್ತಿದ್ದದ್ದು ನಾನು ಮಾಡಿದ ರೀಲ್.

ಇಷ್ಟು ವರ್ಷ ಬ್ಲಾಗ್ ಬರೆದಿದ್ದೇನೆ. ಒಬ್ಬ ಅಪರಿಚಿತ ನನ್ನ ಕೆಲಸವನ್ನು ನೋಡುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದು ಅದೇ ಮೊದಲು. ಅವನು ಬೈಯುತ್ತಿದ್ದ, ನಿಜ. ಆದರೂ ಒಂದು ಕ್ಷಣ ಖುಷಿಯಾಯಿತು. (ಏನು ಮಾಡೋಣ, ನಮ್ಮ ಕಸುಬಿನವರ ಹಣೆಬರಹವೇ ಇಷ್ಟು.)

ಈ ಅಂಕಣ ಓದುವವರಿಗೆ ನನ್ನ ಹೊಟ್ಟೆಪಾಡು ಗೊತ್ತು. ವಾರಕ್ಕೊಂದು ದಿನ ಇಲ್ಲಿ ನಿಮ್ಮ ತಲೆ ತಿನ್ನುತ್ತೇನೆ. ಮಿಕ್ಕ ದಿನ ಬಂಗಾರಪೇಟೆ, ಕೆಜಿಎಫ್ ಕಡೆಯ ಅಂಗಡಿಗಳ ಪೇಜುಗಳನ್ನು ನೋಡಿಕೊಳ್ಳುತ್ತೇನೆ. ಸೀರೆ ಅಂಗಡಿ, ಬೇಕರಿ, ಒಂದು ಟೈಲರಿಂಗ್ ಕ್ಲಾಸು. ಈ ಕೆಲಸಕ್ಕೆ ಈಗ ಎಷ್ಟು ಟೂಲ್ ಬಂದಿದೆ ಅಂದರೆ, ಪೋಸ್ಟ್ ಯಾವಾಗ ಹಾಕಬೇಕು ಅಂತ ಹೇಳುವುದಕ್ಕೆ ಒಂದು, ಅದರಲ್ಲಿ ಏನು ಬರೆಯಬೇಕು ಅಂತ ಹೇಳುವುದಕ್ಕೆ ಇನ್ನೊಂದು, ಬರೆದದ್ದು ಮನುಷ್ಯರು ಬರೆದ ಹಾಗೆ ಕಾಣುತ್ತಾ ಅಂತ ನೋಡುವುದಕ್ಕೆ ಮತ್ತೊಂದು. ಎಲ್ಲಾ ಟೂಲೇ ಮಾಡಿದರೆ ನಿನ್ನ ಕೆಲಸ ಏನು ಅಂತ ನನ್ನ ಗಂಡ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಟೂಲ್ ಇನ್ನೂ ಬಂದಿಲ್ಲ.

ಇರಲಿ, ರೀಲಿನ ವಿಷಯಕ್ಕೆ ಬರೋಣ.

ನಮ್ಮ ಚಿಕ್ಕಪ್ಪನ ಮಗಳು ಚಂದ್ರಕಲಾ. ನನ್ನ ವಾರಿಗೆಯವಳು, ನಮಗೆಲ್ಲ ಚಂದ್ರಿ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಲ್ಲಿ ಒಂದು ಕಡೆ ಒಳಗೆ ತಿರುಗಿದರೆ ಅವಳ ಹಳ್ಳಿ. (ಎಡಕ್ಕೋ ಬಲಕ್ಕೋ ಅಂತ ಕೇಳಬೇಡಿ. ಈ ಕಥೆಯ ನಂತರ ಆ ಎರಡು ಪದ ಕೇಳಿದರೇ ನನಗೆ ಭಯ.) ಗಂಡ ಬೆಂಗಳೂರಿನ ಫ್ಯಾಕ್ಟರಿಗೆ ದಿನಾ ಟ್ರೈನಿನಲ್ಲಿ ಹೋಗಿ ಬರುತ್ತಾನೆ. ಮನೆಯಲ್ಲಿ ಚಂದ್ರಿ, ಅವಳ ಅತ್ತೆ ಮುನಿವೆಂಕಟಮ್ಮ, ಮತ್ತು ಗೌರಿ.

ಗೌರಿ ಅಂದರೆ ಹಸು. ಕಪ್ಪು ಬಿಳಿ ಸೀಮೆಹಸು. ಹುಟ್ಟಿದ ವಾರದೊಳಗೆ ತಾಯಿ ಸತ್ತು, ಚಂದ್ರಿಯೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಕರು. ಈಗಲೂ ಚಂದ್ರಿ ಅಂಗಳಕ್ಕೆ ಬಂದರೆ ಸಾಕು, ಮೇವು ಬಿಟ್ಟು ತಿರುಗಿ ನೋಡುತ್ತದೆ. ಆ ಮನೆಯಲ್ಲಿ ಯಾವುದಾದರೂ ಒಂದು ವಸ್ತುವನ್ನು ಚಂದ್ರಿ 'ನಂದು' ಅನ್ನುವುದಿದ್ದರೆ ಅದು ಗೌರಿಯನ್ನು ಮಾತ್ರ. ಆದರೆ ಹಸು ಇರಬೇಕೋ ಹೋಗಬೇಕೋ ಅನ್ನುವುದು ಮುನಿವೆಂಕಟಮ್ಮನ ಇಲಾಖೆ. ಅಲ್ಲಿ ಅವರ ಮಾತೇ ಕೊನೆ.

ಮುನಿವೆಂಕಟಮ್ಮ ಹಸು ನೋಡುವುದು ಹಾಲಿನಿಂದಲ್ಲ, ಸುಳಿಯಿಂದ. ಗೊತ್ತಲ್ಲ, ಮೈಮೇಲಿನ ಕೂದಲು ಸುತ್ತಿಕೊಂಡು ನಿಲ್ಲುವ ಗುರುತು. ಅದು ಎಲ್ಲಿದೆ ಅನ್ನುವುದರ ಮೇಲೆ ಹಸುವಿನ ಜಾತಕ. ಆ ಹಳ್ಳಿಯವರ ಪ್ರಕಾರ ಬಲ ಭುಜದ ಮೇಲೆ ಸುಳಿ ಇದ್ದರೆ ಮನೆಯಲ್ಲಿ ಹಾಲು ಉಕ್ಕುತ್ತದೆ. ಎಡ ಭುಜದ ಮೇಲಿದ್ದರೆ ಕಟ್ಟಿಕೊಂಡ ಮನೆ ಬರಿದಾಗುತ್ತದೆ. (ನಿಮ್ಮೂರಿನಲ್ಲಿ ಲೆಕ್ಕ ಬೇರೆ ಇರಬಹುದು. ನನಗೆ ಪತ್ರ ಬರೆಯಬೇಡಿ.) ಗೌರಿಗೆ ಸುಳಿ ಇರುವುದು ಬಲ ಭುಜದ ಮೇಲೆ, ಬಿಳಿ ಮಚ್ಚೆಯ ನಟ್ಟ ನಡುವೆ, ಯಾರೋ ಬೆರಳಿಟ್ಟು ತಿರುವಿದ ಹಾಗೆ. ಬಂದ ನೆಂಟರಿಗೆಲ್ಲ ಮುನಿವೆಂಕಟಮ್ಮ ಕಾಫಿಗಿಂತ ಮೊದಲು ಅದನ್ನು ತೋರಿಸುತ್ತಾರೆ.

ಚಂದ್ರಿ ಡೇರಿಗೆ ಹಾಕಿ ಮಿಕ್ಕಿದ ಹಾಲಿನಲ್ಲಿ ತುಪ್ಪ ಕಾಯಿಸುತ್ತಾಳೆ. ಅದೆಲ್ಲ ಹೋಗುವುದು ಕೆಜಿಎಫ್‌ನ ಊರಿಗಾಂಗೆ. ಅಲ್ಲಿ ಗಣಿ ಕಂಪನಿ ಕಾಲದ ಸಾಲುಮನೆಗಳಲ್ಲಿ ಸೆಲ್ವಿ ಅಕ್ಕ ಅಂತ ಒಬ್ಬರಿದ್ದಾರೆ. ಅವರು ತೆಗೆದುಕೊಂಡು ಅಕ್ಕಪಕ್ಕದವರಿಗೆ ಹಂಚುತ್ತಾರೆ. ಆ ಲೈನ್‌ಗಳಲ್ಲಿ ಒಂದು ಮನೆಯ ಒಗ್ಗರಣೆ ಸಾಲಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ತುಪ್ಪಕ್ಕೆ ಜಾಹೀರಾತೇ ಬೇಕಿರಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಆರ್ಗ್ಯಾನಿಕ್ ರೀಚ್ ಅಂತ ಹೆಸರು. ಸೆಲ್ವಿ ಅಕ್ಕನಿಗೆ ಈ ಹೆಸರು ಗೊತ್ತಿಲ್ಲ, ಅದಕ್ಕೇ ಅದು ಚೆನ್ನಾಗಿ ನಡೆಯುತ್ತಿತ್ತು.

ಚೆನ್ನಾಗಿ ನಡೆಯುತ್ತಿರುವುದನ್ನು ಕಂಡರೆ ಮಾರ್ಕೆಟಿಂಗ್‌ನವರಿಗೆ ಸುಮ್ಮನಿರೋಕಾಗುತ್ತಾ? ಇದನ್ನೊಂದು ಬ್ರ್ಯಾಂಡ್ ಮಾಡೋಣ ಅಂತ ಚಂದ್ರಿಯ ತಲೆ ಸವರಿದೆ. ಈಗಿನ ಟ್ರೆಂಡ್ ಏನು? ಸ್ಟೋರಿ. ತುಪ್ಪ ಯಾರು ಬೇಕಾದರೂ ಮಾರುತ್ತಾರೆ, ತುಪ್ಪದ ಹಿಂದಿನ ಕಥೆ ಮಾರಬೇಕು. ಕಥೆ ಕಣ್ಣೆದುರೇ ಕಟ್ಟಿಹಾಕಿತ್ತಲ್ಲ. ಹೆಸರು ಇಟ್ಟೆ: ಬಲಸುಳಿ ತುಪ್ಪ.

ಮುನಿವೆಂಕಟಮ್ಮ ಈ ಹೆಸರು ಕೇಳಿ ನನಗೆ ಎರಡನೇ ಸಲ ಕಾಫಿ ಕೊಟ್ಟರು.

ರೀಲ್ ಮಾಡಿದೆವು. ಚಂದ್ರಿ ಮದುವೆ ಮನೆಗೆ ಉಡುವ ಹಸಿರು ಸೀರೆ ಉಟ್ಟಳು. ಗೌರಿಗೆ ಸ್ನಾನವಾಯಿತು. ಮೊದಲ ಮೂರು ಸೆಕೆಂಡಿನಲ್ಲಿ ನೋಡುಗರನ್ನು ಹಿಡಿಯಬೇಕು ಅನ್ನುವುದು ನಿಯಮ, ಆದ್ದರಿಂದ ಸುಳಿಯ ಮೇಲೆ ಚಂದ್ರಿಯ ಕೈ ಸವರುವ ಕ್ಲೋಸಪ್‌ನಿಂದಲೇ ಶುರು ಮಾಡಿದೆ. ಗೌರಿಯ ಕಿವಿಯಲ್ಲಿ ಹಳದಿ ಬಿಲ್ಲೆ ಇತ್ತು, ನಂಬರಿನದು. ಚೆನ್ನಾಗಿ ಕಾಣುವುದಿಲ್ಲ ಅಂತ ಅದರ ಮೇಲೆ ಒಂದು ಗುಲಾಬಿ ಹೃದಯದ ಸ್ಟಿಕ್ಕರ್ ಅಂಟಿಸಿದೆ. ಹಿನ್ನೆಲೆಗೆ ಆ ವಾರ ಎಲ್ಲರೂ ಬಳಸುತ್ತಿದ್ದ ಆಡಿಯೋ.

ಆ ರೀಲನ್ನು ನೋಡಿದವರು ನಾನು, ಚಂದ್ರಿ, ಚಂದ್ರಿಯ ಗಂಡ, ಮತ್ತೆ ನಾನು.

ಇಲ್ಲಿಗೆ ಬಿಟ್ಟಿದ್ದರೆ ನೀವು ಇವತ್ತು ಬೇರೆ ಯಾವುದೋ ಅಂಕಣ ಓದುತ್ತಿದ್ದಿರಿ. ಆದರೆ ನಾನು ಆ ವಾರವೇ ಒಂದು ವೆಬಿನಾರಿಗೆ ಕೂತಿದ್ದೆ. ಅಲ್ಲಿನ ಗುರುಗಳು ಬಹಳ ಸೊಗಸಾಗಿ ಮಾತಾಡಿದರು. ಓಡದ ರೀಲನ್ನು ಎಸೆಯಬೇಡಿ, ಮತ್ತೆ ಹಾಕಿ, ಆದರೆ ಹಾಗೇ ಹಾಕಿದರೆ ಹಳೇ ಸರಕು ಅಂತ ಆಲ್ಗರಿದಮ್ ಮೂಲೆಗೆ ತಳ್ಳುತ್ತದೆ, ಅದಕ್ಕೇ ವಿಡಿಯೋವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕಿ, ಅದಕ್ಕೆ ಹೊಸದು ಅನ್ನಿಸುತ್ತದೆ ಅಂದರು. ಅದೇ ಉಸಿರಿನಲ್ಲಿ, ಏನೇ ಮಾಡಿದರೂ ಆಥೆಂಟಿಕ್ ಆಗಿರಿ, ಜನ ನಿಜವನ್ನೇ ಬಯಸುತ್ತಾರೆ ಅಂತಲೂ ಹೇಳಿದರು. ನಾನು ಎರಡನ್ನೂ ತಲೆಗೆ ಹಾಕಿಕೊಂಡೆ.

ಒಂದು ಬಟನ್. ಬಲಕ್ಕೆ ಮುಖ ಮಾಡಿದ್ದ ಗೌರಿ ಎಡಕ್ಕೆ ಮುಖ ಮಾಡಿದಳು. ಇನ್ನೂ ಮುದ್ದಾಗಿ ಕಂಡಳು ಅಂತ ಕೂಡ ಅನ್ನಿಸಿತು. ಆಮೇಲೆ ಟೂಲನ್ನು ಕೇಳಿದೆ, ನಮ್ಮ ಕಡೆಯ ಜನ ಫೋನ್ ಹಿಡಿದುಕೊಂಡು ಬಿಡುವಾಗಿ ಇರುವ ಹೊತ್ತು ಯಾವುದು? ಅದು ಬೆಳಗಿನ ಹಾಲು ಹಾಕುವ ಹೊತ್ತು ಅಂತ ತೋರಿಸಿತು. ಸರಿಯಾಗೇ ಹೇಳಿತ್ತು. ಡೇರಿಗಳ ಮುಂದೆ ತಾಲ್ಲೂಕಿಗೆ ತಾಲ್ಲೂಕೇ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಸಾಲಾಗಿ ನಿಂತಿರುತ್ತದೆ. ಆ ಹೊತ್ತಿಗೇ ಹೋಗುವ ಹಾಗೆ ಶೆಡ್ಯೂಲ್ ಮಾಡಿ ಮಲಗಿದೆ.

ನೆನಪಿರಲಿ, ಜಗತ್ತಿನಲ್ಲಿ ಹಸುವಿನ ಮುಖಕ್ಕಿಂತ ಮೊದಲು ಸುಳಿ ನೋಡುವ ಜನ ಎಲ್ಲಾದರೂ ಇದ್ದರೆ ಅವರೆಲ್ಲ ಆ ಸಾಲಿನಲ್ಲೇ ಇರುತ್ತಾರೆ. ಬೇರೆ ಯಾವ ಊರಿನ ಯಾವ ಜನ ನೋಡಿದ್ದರೂ ನಾನು ಬಚಾವಾಗುತ್ತಿದ್ದೆ. ಟಾರ್ಗೆಟ್ ಆಡಿಯನ್ಸ್ ಅಂದರೆ ಹೀಗಿರಬೇಕು.

ಮತ್ತೆ ಸ್ಟೇಷನ್ನಿಗೆ ಬನ್ನಿ. ಬೆಳಗ್ಗೆ ಟಿಫಿನ್ ಕಟ್ಟುವ ಗಡಿಬಿಡಿಯಲ್ಲಿ ಫೋನ್ ನೋಡಿರಲಿಲ್ಲ. ಈಗ ತೆಗೆದರೆ ಕಾಮೆಂಟುಗಳು ಉಕ್ಕುತ್ತಿವೆ. ಬಲಸುಳಿ ಅಂತ ಹೆಸರಿಟ್ಟು ಎಡಸುಳಿ ಹಸು ತೋರಿಸುತ್ತಿದ್ದಾರೆ. ಹಗಲು ದರೋಡೆ. ಈ ಹಸುವಿನ ತುಪ್ಪ ತಿಂದ ಮನೆ ಉದ್ಧಾರವಾಗುತ್ತಾ? ಇದು ನಮ್ಮ ಪಕ್ಕದೂರಿನದೇ, ಮೊದಲೇ ಅನುಮಾನ ಇತ್ತು. ಒಬ್ಬ ಪುಣ್ಯಾತ್ಮ ಸುಳಿಯ ಸುತ್ತ ಕೆಂಪು ಗೆರೆ ಎಳೆದು, ಬಾಣದ ಗುರುತು ಹಾಕಿ, ಎಲ್ಲಾ ಗ್ರೂಪುಗಳಿಗೂ ಹಂಚಿದ್ದ. ಅವನಿಗಿದ್ದ ಶ್ರದ್ಧೆ ನನ್ನ ಯಾವ ಕ್ಲೈಂಟಿಗೂ ಇಲ್ಲ.

ಟ್ರೈನ್ ಬಂತು, ಹೋಯಿತು. ನಾನು ಹತ್ತಲಿಲ್ಲ. ಆಟೋ ಹಿಡಿದು ಚಂದ್ರಿಯ ಹಳ್ಳಿಗೆ ಓಡಿದೆ.

ಅಂಗಳದಲ್ಲಿ ಮುನಿವೆಂಕಟಮ್ಮ ಹಸುವಿನ ಮುಂದೆ ನಿಂತಿದ್ದರು. ಕೈಯಲ್ಲಿ ಮಗನ ಹಳೇ ಫೋನು. ಒಮ್ಮೆ ಫೋನು ನೋಡುತ್ತಾರೆ, ಒಮ್ಮೆ ಹಸು ನೋಡುತ್ತಾರೆ. ಹಸುವಿಗೆ ಎದುರಾಗಿ ನಿಂತಿದ್ದರಿಂದ ಅದರ ಬಲಭುಜ ಅವರ ಎಡಗಡೆಗೆ ಬಂದಿತ್ತು. ಅದೂ ಅವರ ಅನುಮಾನಕ್ಕೆ ತುಪ್ಪ ಸುರಿದಿತ್ತು.

"ಇಷ್ಟು ವರ್ಸ ನಾನೇ ಸರಿಯಾಗಿ ನೋಡ್ಲಿಲ್ವೇನೋ ಕಣಮ್ಮಾ" ಅಂದರು ನನ್ನನ್ನು ನೋಡಿ. "ಕಣ್ಣು ಬೇರೆ ಮಂಜಾಗೈತೆ. ಫೋನಾಗೆ ಎಡಕ್ಕೈತಲ್ಲ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕರುವಾಗಿದ್ದಾಗಿನಿಂದ ದಿನಾ ಮೈತೊಳೆದ ಹಸು. ಬಂದವರಿಗೆಲ್ಲ ಬೆರಳಿಟ್ಟು ತೋರಿಸಿದ ಸುಳಿ. ಈಗ ಅದು ಕಣ್ಣೆದುರು ಒಂದು ಮೊಳ ದೂರದಲ್ಲಿದೆ, ಕೈ ಚಾಚಿದರೆ ಸಿಗುತ್ತದೆ. ಆದರೆ ಅವರು ತಮ್ಮ ಕಣ್ಣನ್ನು ಅನುಮಾನಿಸಿದರೇ ಹೊರತು ಫೋನನ್ನಲ್ಲ. ಡಾಕ್ಟರು ಹೇಳಿದ ಮಾತ್ರೆಯನ್ನೇ ನಂಬದ ಹೆಂಗಸು.

ನನಗೂ ತಲೆ ಕೆಟ್ಟಿತ್ತು. ಸುಳಿ ಬಲಕ್ಕೇ ಇದೆ, ರೀಲಿನಲ್ಲಿ ಎಡಕ್ಕೇ ಇದೆ. ಎರಡನ್ನೂ ನಾನೇ ನೋಡುತ್ತಿದ್ದೇನೆ. ಬಟನ್ ಒತ್ತಿದ್ದು ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ ಅಂದರೆ ನಂಬುತ್ತೀರಾ?

ಹೊಳೆದಿದ್ದು ಚಂದ್ರಿಗೆ. ಡೇರಿಯಿಂದ ಆಗಷ್ಟೇ ಬಂದಿದ್ದಳು, ಮುಖ ಬಾಡಿತ್ತು. ಹಳೇ ಹಸು ಮಾರಿ ಹೊಸದು ತಂದೆಯಾ ಅಂತ ಹೆಂಗಸರು ಕೇಳಿದರಂತೆ. ದಿನಾ ಬೆಳಗ್ಗೆ ಸಂಜೆ ಅವಳ ಅಂಗಳದ ಮುಂದೆಯೇ ಹಾದುಹೋಗುವ ಹೆಂಗಸರು. ನನ್ನ ಕೈಯಿಂದ ಫೋನು ಕಿತ್ತುಕೊಂಡು ರೀಲನ್ನು ನೋಡಿದಳು. ಇನ್ನೊಂದು ಸಲ ನೋಡಿದಳು.

"ನಾನ್ ಯಾವತ್ತೇ ಈ ಬುಜುಕ್ಕೆ ಸೆರಗಾಕಿದ್ದು?" ಅಂದಳು.

ನೋಡಿದೆ. ಹಸಿರು ಸೀರೆಯ ಸೆರಗು ಬಲ ಭುಜದ ಮೇಲೆ ಠೀವಿಯಿಂದ ಕೂತಿದೆ. ಮೂಗುಬೊಟ್ಟು ಕೂಡ ಇನ್ನೊಂದು ಹೊಳ್ಳೆಗೆ ಹಾರಿದೆ. ಆಗ ನನ್ನ ಬಟನ್ ನೆನಪಾಯಿತು. ಕಿವಿಯ ಬಿಲ್ಲೆಯ ನಂಬರಾದರೂ ಉಲ್ಟಾ ಕಂಡು ಯಾರಿಗಾದರೂ ಗೊತ್ತಾಗುತ್ತಿತ್ತು, ಅದರ ಮೇಲೆ ನಾನು ಗುಲಾಬಿ ಹೃದಯ ಅಂಟಿಸಿದ್ದೆ.

ಒಂದು ಮಾತು ಹೇಳಬೇಕು. ಅಷ್ಟು ಸಾವಿರ ಜನ ನೋಡಿದ್ದಾರೆ. ಹಸುವಿನ ಕೂದಲು ಯಾವ ಕಡೆಗೆ ತಿರುಗಿದೆ ಅಂತ ಗೆರೆ ಎಳೆದು ಚರ್ಚೆ ಮಾಡಿದ್ದಾರೆ. ಪಕ್ಕದಲ್ಲಿ ನಿಂತ ಹೆಂಗಸಿನ ಸೆರಗು ತಿರುಗುಮುರುಗಾಗಿದೆ ಅಂತ ಒಬ್ಬರೂ ಹೇಳಲಿಲ್ಲ. ಚಂದ್ರಿಗೆ ಇದರಿಂದ ಬೇಜಾರಾಯಿತಾ ಅಂತ ಕೇಳಿದೆ. "ನಂಗೇನ್ ಒಸದಾ" ಅಂದಳು.

ಸರಿ, ತಪ್ಪು ಗೊತ್ತಾಯಿತು, ತಿದ್ದಿದರೆ ಮುಗೀತಲ್ಲ? ನಾನೂ ಹಾಗೇ ಅಂದುಕೊಂಡೆ. ಅಲ್ಲೇ ಅಂಗಳದಲ್ಲಿ ನಿಂತು ಇನ್ನೊಂದು ವಿಡಿಯೋ ಮಾಡಿದೆ. ಕ್ಯಾಮೆರಾ ಮುಂದೆ ನಾನೇ ನಿಂತು, ಹೀಗೆ ಹೀಗೆ ಆಯಿತು, ಚಿತ್ರ ತಿರುಗಿಬಿಟ್ಟಿದೆ, ಹಸುವಿನದು ಬಲಸುಳಿಯೇ ಅಂತ ಬಿಡಿಸಿ ಹೇಳಿದೆ. ಸ್ಪಷ್ಟನೆ ಅಂತ ದಪ್ಪ ಅಕ್ಷರದಲ್ಲಿ ಹಾಕಿದೆ.

ಸ್ಪಷ್ಟನೆಯನ್ನು ಯಾರು ನೋಡುತ್ತಾರೆ ಹೇಳಿ? ಮತ್ತೆ ನಾನು, ಚಂದ್ರಿ, ಚಂದ್ರಿಯ ಗಂಡ. ಆ ಕೆಂಪು ಗೆರೆ ಎಳೆದವನು ಮಾತ್ರ ನೋಡಿದ. ನೋಡಿ, ಈಗ ಹಾಕಿರುವುದೇ ತಿರುಗಿಸಿದ್ದು, ಮೊದಲಿನದೇ ಅಸಲಿ ಅಂತ ಬರೆದ. ಅವನಿಗೆ ಲೈಕುಗಳ ಸುರಿಮಳೆ.

ಹಾಗಾದರೆ ಆ ತಿರುಗಿದ ರೀಲನ್ನೇ ತೆಗೆದುಹಾಕಬಾರದಾ ಅಂತ ಚಂದ್ರಿ ಕೇಳಿದಳು. ನಾನು ಅವಳಿಗೆ ಏನೇನೋ ಹೇಳಿದೆ. ಓಡುತ್ತಿರುವ ಪೋಸ್ಟ್ ತೆಗೆದರೆ ಪೇಜಿಗೆ ಪೆಟ್ಟು ಬೀಳುತ್ತದೆ, ಬಂದ ಜನ ಸ್ಪಷ್ಟನೆಯನ್ನೂ ನೋಡಲಿ, ಕೆಳಗೆ ಪಿನ್ ಮಾಡಿದ್ದೇನೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೆ ನಾನು ಈ ಕೆಲಸ ಬಲ್ಲವಳು ಅಂತ ಸುಮ್ಮನಾದಳು. ನಿಮಗೆ ನಿಜ ಹೇಳುತ್ತೇನೆ. ಆ ನಂಬರ್ ಏರುತ್ತಿತ್ತು. ಮೊದಲ ಸಲ ಏರುತ್ತಿತ್ತು. ತೆಗೆಯುವುದಕ್ಕೆ ನನಗೆ ಕೈ ಬರಲಿಲ್ಲ.

ಇದಾದ ಮೇಲೆ ಜನ ಬರತೊಡಗಿದರು. ಹಸು ನೋಡುವುದಕ್ಕೆ. ನನಗೆ ಸಮಾಧಾನವಾಯಿತು, ಕಣ್ಣಾರೆ ನೋಡಿದರೆ ನಂಬುತ್ತಾರಲ್ಲ ಅಂತ. ಬಂದವರು ಮಾಡಿದ್ದೇನು? ಗೌರಿಗೆ ಬೆನ್ನು ತಿರುಗಿಸಿ ನಿಂತು, ಫೋನು ಮೇಲೆತ್ತಿ, ಸೆಲ್ಫಿ ತೆಗೆದುಕೊಂಡರು. ಸೆಲ್ಫಿ ಕ್ಯಾಮೆರಾ ಎಷ್ಟೋ ಫೋನುಗಳಲ್ಲಿ ಚಿತ್ರವನ್ನು ತಿರುಗಿಸಿಯೇ ಇಟ್ಟುಕೊಳ್ಳುತ್ತದೆ ಅಂತ ನಾನು ಹೇಳುವಷ್ಟರಲ್ಲಿ ಅವೂ ಗ್ರೂಪುಗಳಿಗೆ ಹೋಗಿಯಾಗಿತ್ತು. ಎಡಸುಳಿಗೆ ಈಗ ಪ್ರತ್ಯಕ್ಷ ಸಾಕ್ಷಿಗಳು. ನಾನು ಬಂದವರ ಹಿಂದೆ ಹಿಂದೆ ಓಡುತ್ತಾ, ಅಣ್ಣಾ ಹಿಂದಿನ ಕ್ಯಾಮೆರಾದಲ್ಲಿ ತೆಗೀರಿ, ಅಕ್ಕಾ ಹಿಂದಿನ ಕ್ಯಾಮೆರಾ ಅಂತ ಅಂಗಲಾಚಿದೆ. ಅದರಲ್ಲಿ ನಮ್ಮ ಮುಖ ಬರಲ್ವಲ್ಲ ಅಂದರು ಒಬ್ಬರು. ಅದೂ ಸರಿಯೇ.

ಸೆಲ್ವಿ ಅಕ್ಕನ ಫೋನು ಬಂದಾಗ ಚಂದ್ರಿ ನನ್ನ ಪಕ್ಕದಲ್ಲೇ ಇದ್ದಳು. ಸ್ಪೀಕರ್ ಹಾಕಿದಳು. ನನಗೇನೂ ಇಲ್ಲ ಮಾ, ನಾನು ಸುಳಿ ಗಿಳಿ ನೋಡೋಳಲ್ಲ, ಆದರೆ ಲೈನ್‌ನಲ್ಲಿ ಎಲ್ಲರೂ ವಿಡಿಯೋ ನೋಡಿದ್ದಾರೆ, ಸ್ವಲ್ಪ ದಿವಸ ತುಪ್ಪ ಕಳಿಸಬೇಡ, ಕೋಪ ಮಾಡ್ಕೋಬೇಡ ಕಣ್ಣು ಅಂದರು. (ತಮಿಳಿನವರ 'ಕಣ್ಣು' ಅಂದರೆ ನಮ್ಮ 'ಚಿನ್ನಾ' ಇದ್ದ ಹಾಗೆ.) ಅರ್ಧ ತಮಿಳು, ಅರ್ಧ ಕನ್ನಡ, ಪೂರ್ತಿ ಸಂಕೋಚ. ಚಂದ್ರಿ ಪರವಾಗಿಲ್ಲ ಅಕ್ಕಾ ಅಂದು ಫೋನು ಇಟ್ಟಳು.

ಆದರೆ ಏಟು ಬಿದ್ದಿದ್ದು ತುಪ್ಪಕ್ಕಲ್ಲ. ಮುನಿವೆಂಕಟಮ್ಮ ಆ ಸಂಜೆ ಮಗನನ್ನು ಕೂರಿಸಿಕೊಂಡು ತೀರ್ಮಾನ ಹೇಳಿಬಿಟ್ಟರು. ಸುಳಿ ಬಲಕ್ಕೇ ಇದ್ದರೂ ಇರಲಿ. ಇಷ್ಟು ಜನರ ಬಾಯಿಗೆ ಬಿದ್ದ ಹಸು ಮನೆಯಲ್ಲಿ ಇರಬಾರದು. ದೃಷ್ಟಿ ತಾಕಿದ ಮೇಲೆ ಬಲಸುಳಿಯೂ ಕೆಲಸ ಮಾಡಲ್ಲ. ದಲ್ಲಾಳಿ ಚಿನ್ನಪ್ಪನಿಗೆ ಹೇಳಿ ಕಳಿಸು.

ಚಂದ್ರಿಯ ಗಂಡ ಅಮ್ಮನಿಗೆ ಎದುರಾಡುವ ಪೈಕಿ ಅಲ್ಲ. ಚಂದ್ರಿ ನನಗೆ ಫೋನು ಮಾಡಿದಳು. ಅಳಲಿಲ್ಲ. ನಿನಗೆ ಕೈಮುಗೀತೀನಿ, ನೀನೇ ಏನಾದ್ರೂ ಮಾಡು ಅಂದಳು. ನನ್ನ ಹತ್ತಿರ ಇಷ್ಟೊಂದು ಟೂಲುಗಳಿವೆ. ಒಂದು ಹಸುವನ್ನು ಅದರ ಮನೆಯಲ್ಲೇ ಉಳಿಸುವ ಟೂಲ್ ಯಾವುದು?

ಮಾರನೇ ದಿನ ಹೋದೆ. ಚಿನ್ನಪ್ಪ ನನಗಿಂತ ಮೊದಲೇ ಬಂದಿದ್ದ. ಸಣ್ಣ ಟೆಂಪೋ ಬೀದಿಯಲ್ಲಿ ನಿಂತಿತ್ತು, ಹಿಂದಿನ ಬಾಗಿಲು ಇಳಿಸಿತ್ತು. ಚಂದ್ರಿ ಗೌರಿಯ ಹಗ್ಗ ಹಿಡಿದುಕೊಂಡಿದ್ದಳು. ಹಿಡಿದುಕೊಂಡಿದ್ದಳು ಅಂದರೆ ಕೊಡುವುದಕ್ಕಲ್ಲ.

ನಾನು ಮುನಿವೆಂಕಟಮ್ಮನ ಮುಂದೆ ಮತ್ತೆ ಪ್ರವಚನ ಶುರು ಮಾಡಿದೆ. ಕನ್ನಡಿ, ಬಿಂಬ, ಬಟನ್. ಅವರು ಕೈ ಅಡ್ಡ ಹಿಡಿದರು. ನೀನು ಹೇಳಿದ್ದು ಸಾಕು, ಅವನು ಹೇಳಲಿ ಅಂದರು. ಚಿನ್ನಪ್ಪನ ಕಡೆ ತಿರುಗಿ, ಸುಳಿ ಎಲ್ಲಿದೆ, ನೀನೇ ಕೈಯಿಟ್ಟು ತೋರಿಸು ಅಂದರು. ಅವರ ಮನಸ್ಸಿನಲ್ಲಿ ಏನಿತ್ತೋ. ಕೊನೇ ಸಲ ಅನುಮಾನ ತೀರಿಸಿಕೊಳ್ಳಬೇಕಿತ್ತೇನೋ.

ಚಿನ್ನಪ್ಪ ಗೌರಿಯ ಪಕ್ಕಕ್ಕೆ ಹೋದ. ಹಸು ಮುಟ್ಟುವುದರಲ್ಲಿ ಅವನ ಕೈ ಪಳಗಿದ್ದು. ನೇರವಾಗಿ ಬಲ ಭುಜದ ಮೇಲೆ, ಬಿಳಿ ಮಚ್ಚೆಯ ನಡುವೆ, ಸುಳಿಯ ಮೇಲೆ ಕೈಯಿಟ್ಟ. ಎಡಗಡೆ ಹೋಗಿ ಹುಡುಕಲೂ ಇಲ್ಲ.

"ಬಲಕ್ಕೇ ಐತೆ" ಅಂದ.

ಚಂದ್ರಿ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಹಾಗಾದರೆ ಸರಿಯಾದ ರೇಟು ಹೇಳು ಅಂದರು ಮುನಿವೆಂಕಟಮ್ಮ. ಚಿನ್ನಪ್ಪ ಹೇಳಿದ. ಮುದಿ ಎತ್ತಿಗೆ ಹೇಳುವ ರೇಟು. ನನಗೇ ಕಿವಿ ಬಿಸಿಯಾಯಿತು, ಮುನಿವೆಂಕಟಮ್ಮ ಮಾತ್ರ ತಣ್ಣಗೆ ಯಾಕೆ ಅಂತ ಕೇಳಿದರು.

"ಅಸು ಚೆನ್ನಾಗೈತೆ ಕಣಮ್ಮಾ, ನಾನಿಲ್ಲ ಅಂತೀನಾ" ಅಂದ ಚಿನ್ನಪ್ಪ. ಗೌರಿಯ ಮೈಮೇಲಿಂದ ಇನ್ನೂ ಕೈ ತೆಗೆದಿರಲಿಲ್ಲ. "ಆದ್ರೆ ಜನ ನೋಡಿರೋದು ಫೋನಾಗಿರೋ ಅಸುನ. ರೇಟು ಅದರದ್ದೇ."

ಓದುಗರೇ, ನಾನು ಎಷ್ಟೋ ವೆಬಿನಾರುಗಳಿಗೆ ಕೂತಿದ್ದೇನೆ. ನನ್ನ ಕಸುಬನ್ನು ಇಷ್ಟು ಚಿಕ್ಕದಾಗಿ, ಇಷ್ಟು ನಾಚಿಕೆಯಿಲ್ಲದೆ ಯಾರೂ ವಿವರಿಸಿರಲಿಲ್ಲ.

ಮುನಿವೆಂಕಟಮ್ಮ ತೆಲುಗಿನಲ್ಲಿ ಏನೋ ಗೊಣಗಿಕೊಂಡರು. (ಅವರು ತೆಲುಗಿಗೆ ಹೋದರೆ ಎದುರಿಗಿರುವವರು ಹುಷಾರಾಗಬೇಕು ಅಂತ ಚಂದ್ರಿ ಹಿಂದೆಯೇ ಹೇಳಿದ್ದಳು.) ಆಮೇಲೆ ಎದ್ದು ಹೋಗಿ ಚಿನ್ನಪ್ಪನ ಕೈಯನ್ನು ಹಸುವಿನ ಮೇಲಿಂದ ತೆಗೆದು ಪಕ್ಕಕ್ಕಿಟ್ಟರು.

"ಫೋನಾಗಿರೋ ಅಸುಗೆ ತಾನೇ ನೀನ್ ರೇಟು ಕಟ್ಟಿದ್ದು?" ಅಂದರು. "ಅದನ್ನೇ ಒಡ್ಕೊಂಡೋಗು. ಇದು ನನ್ ಸೊಸೇದು."

ಚಿನ್ನಪ್ಪ ನಕ್ಕ. ಯಾರೂ ನಗದೇ ಇದ್ದದ್ದು ನೋಡಿ ನಿಲ್ಲಿಸಿದ. ಖಾಲಿ ಟೆಂಪೋದ ಬಾಗಿಲು ಏರಿಸಿಕೊಂಡು ಹೊರಟ.

ಚಂದ್ರಿ ಅಷ್ಟು ದಿನ ಅಳದೇ ಇದ್ದವಳು ಆಗ ಅತ್ತಳು. ಗೌರಿಗೆ ಮೇವು ಹಾಕುವ ನೆಪದಲ್ಲಿ ಬಗ್ಗಿದವಳು ಎಷ್ಟು ಹೊತ್ತಾದರೂ ಮೇಲೇಳಲಿಲ್ಲ. ಮುನಿವೆಂಕಟಮ್ಮ ನೋಡಿಯೂ ನೋಡದ ಹಾಗೆ ಒಳಗೆ ಹೋದರು. ಆ ಮನೆಯಲ್ಲಿ 'ಸೊಸೇದು' ಅನ್ನುವ ಮಾತನ್ನು ಅವರು ಇದುವರೆಗೆ ಯಾವುದಕ್ಕೂ ಬಳಸಿದ್ದನ್ನು ನಾನು ಕೇಳಿರಲಿಲ್ಲ.

ಈಗ ತುಪ್ಪದ ವಿಷಯ. ಸೆಲ್ವಿ ಅಕ್ಕ ತಾವೇ ಹಳ್ಳಿಗೆ ಬಂದು, ಮುನಿವೆಂಕಟಮ್ಮನ ಬಾಯಿಂದಲೇ ಟೆಂಪೋ ಕಥೆ ಕೇಳಿಕೊಂಡು ಹೋದರು. ಅದು ಊರಿಗಾಂ ಸಾಲಿನಲ್ಲಿ ಮನೆಯಿಂದ ಮನೆಗೆ ಹೋಯಿತು. ಹೋಗ್ತಾ ಹೋಗ್ತಾ ಚಿನ್ನಪ್ಪನನ್ನು ಮುನಿವೆಂಕಟಮ್ಮ ಪೊರಕೆಯಲ್ಲಿ ಓಡಿಸಿದರು ಅಂತ ಆಗಿದೆಯಂತೆ. ನಾನು ತಿದ್ದಲಿಲ್ಲ. ತುಪ್ಪ ಮತ್ತೆ ಹೋಗುತ್ತಿದೆ. ಹೆಸರು ಗಿಸರು ಏನೂ ಬೇಡ, ಬರೀ ಡಬ್ಬಿಯಲ್ಲಿ ಕಳಿಸು ಅಂತ ಸೆಲ್ವಿ ಅಕ್ಕನೇ ಅಂದಿದ್ದಾರೆ. ಸುಳಿ ಗಿಳಿ ನೋಡೋಳಲ್ಲ ಅಂದಿದ್ದ ಸೆಲ್ವಿ ಅಕ್ಕ ಹೋಗುವ ಮೊದಲು ಗೌರಿಯ ಭುಜ ಸವರಿ ಹೋದರು ಅಂತ ಚಂದ್ರಿ ಹೇಳಿದಳು.

ನನ್ನ ಪಾಲಿನ ಕೆಲಸ ಒಂದು ಬಾಕಿಯಿತ್ತು. ಟೆಂಪೋ ಹೋದ ಆ ದಿನವೇ ಬಂಗಾರಪೇಟೆಗೆ ವಾಪಸ್ ಬರುತ್ತಾ ಬಸ್ಸಿನಲ್ಲಿ ಕೂತು ಫೋನು ತೆಗೆದೆ. ನಂಬರ್ ಇನ್ನೂ ಏರುತ್ತಿತ್ತು. ಆಂಧ್ರದ ಕಡೆಯವರೂ ನೋಡಲು ಶುರು ಮಾಡಿದ್ದರು. ನನ್ನ ಜೀವಮಾನದಲ್ಲಿ ಇಷ್ಟು ಜನ ನೋಡಿದ ಕೆಲಸ ಇನ್ನೊಂದು ಬರುತ್ತೋ ಇಲ್ಲವೋ ಗೊತ್ತಿಲ್ಲ. ಅಳಿಸುವ ಗುರುತಿನ ಮೇಲೆ ಬೆರಳಿಟ್ಟೆ.

ತಕ್ಷಣ ಆಪ್ ಅಡ್ಡ ಬಂತು. ನಿಮ್ಮ ಈ ರೀಲ್ ತುಂಬಾ ಚೆನ್ನಾಗಿ ಓಡುತ್ತಿದೆ, ನಿಜವಾಗಲೂ ಅಳಿಸಬೇಕೆ ಅಂತ ಕೇಳಿತು. ಹೌದು ಅಂದೆ. ಅಳಿಸಿದ್ದು ಮತ್ತೆ ಸಿಗುವುದಿಲ್ಲ, ಇನ್ನೊಮ್ಮೆ ಯೋಚಿಸುತ್ತೀರಾ ಅಂದಿತು. ಎಷ್ಟು ಕಾಳಜಿ ನೋಡಿ. ಮತ್ತೆ ಹೌದು ಅಂದೆ, ರೀಲ್ ಹೋಯಿತು.

ನನಗೆ ಉಳಿದಿರುವುದು ಒಂದೇ ಪ್ರಶ್ನೆ. ತೆಗೆಯುವಾಗ ಎರಡೆರಡು ಸಲ 'ನಿಜವಾಗಲೂ?' ಅಂತ ಕೇಳುವ ಈ ಫೋನು, ಹಾಕುವಾಗ ಒಂದು ಸಲವಾದರೂ ಯಾಕೆ ಕೇಳುವುದಿಲ್ಲ?